ದೋರ್ನಕಲ್ಲಿನ ಬಿಷಪ್ಪರಿಗೆ ಬಾಬಾಸಾಹೇಬರು ಕೇಳಿದ ಎರಡು ಪ್ರಶ್ನೆ



ಧಮ್ಮ ಬಂಧುಗಳೇ, ಇಂದಿನ ಚಿಂತನೆ ಎಂದಿಗಿಂತ ಉದ್ದ ಆಗಿದೆ. ಕೆಲಸದ ಗಡಿಬಿಡಿಯಲ್ಲಿ ಇದ್ದವರು ರಾತ್ರಿ ಉಂಡ ಮೇಲೆ ಓದಿರಿ, ಆದರೆ ಓದದೆ ಮುಂದಕ್ಕೆ ಕಳಿಸಬೇಡಿ.

ಇವತ್ತು ನಾನು ಬರೆಯುತ್ತಿರುವುದು ನಮ್ಮ ಧಮ್ಮದವರೊಬ್ಬರ ಬಗ್ಗೆ ಅಲ್ಲ. ಒಬ್ಬ ಕ್ರೈಸ್ತ ಬಿಷಪ್ ಬಗ್ಗೆ. ಹೆಸರು ವೇದನಾಯಕಂ ಸ್ಯಾಮ್ಯುಯೆಲ್ ಅಜರಯ್ಯ. ಇಂಗ್ಲೆಂಡಿನ ರಾಜಮನೆತನದ ಚರ್ಚು ಎಂದೇ ನಮ್ಮ ಜನ ತಿಳಿದಿದ್ದ ಆಂಗ್ಲಿಕನ್ ಚರ್ಚಿನಲ್ಲಿ ಬಿಷಪ್ ಆದ ಮೊದಲ ಭಾರತೀಯ. ಬೌದ್ಧರಾದ ನಮಗೆ ಇವರ ಜೀವನ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ವಿಹಾರದ ವಾರದ ಓದಿನಲ್ಲಿ ಬಬಲೇಶ್ವರದ ಹುಡುಗರು ಮತ್ತೆ ಮತ್ತೆ ಒಂದು ಮಾತು ಎತ್ತುತ್ತಾರೆ: ಬಾಬಾಸಾಹೇಬರು 1935ರಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು, 1956ರಲ್ಲಿ ಬೌದ್ಧರಾದರು, ನಡುವೆ 21 ವರ್ಷ ಉಳಿದ ಧರ್ಮಗಳನ್ನು ಯಾಕೆ ಒಪ್ಪಲಿಲ್ಲ? ಸಿಖ್ ಧರ್ಮದ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಮಾತಾಗಿದೆ. ಕ್ರೈಸ್ತ ಧರ್ಮದ ಬಗ್ಗೆ ಮಾತ್ರ ಅದು ಪರದೇಶದ್ದು ಎಂಬ ಒಂದೇ ಉತ್ತರ ಕೊಟ್ಟು ಮುಗಿಸಿಬಿಡುತ್ತೇವೆ. ಅಷ್ಟೇ ಉತ್ತರ ಸಾಲದು ಎಂದು ನನಗೆ ಅಜರಯ್ಯನವರ ಜೀವನ ಓದಿದ ಮೇಲೆ ಅನ್ನಿಸಿತು. ಬಾಬಾಸಾಹೇಬರು ಎದುರಿಗೆ ಕೂತು ಪ್ರಶ್ನೆ ಕೇಳಿದ್ದು ಇವರನ್ನೇ.

ಅಜರಯ್ಯ ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಮಿಳುನಾಡಿನ ತಿರುನಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ಜಾತಿಯಿಂದ ನಾಡಾರರು. ಈಗ ನಾಡಾರ್ ಎಂದರೆ ಅಂಗಡಿ, ವ್ಯಾಪಾರ, ಕಾಮರಾಜರ ಹೆಸರು ನೆನಪಾಗುತ್ತದೆ. ಆಗ ಅವರನ್ನು ಶಾಣಾರರು ಎಂದು ಕರೆಯುತ್ತಿದ್ದರು, ತಾಳೆಮರ ಹತ್ತಿ ಕಳ್ಳು ಇಳಿಸುವುದು ಅವರ ಕಸುಬು. ಗುಡಿಯೊಳಗೆ ಪ್ರವೇಶವಿರಲಿಲ್ಲ. ಪಕ್ಕದ ತಿರುವಾಂಕೂರು ರಾಜ್ಯದಲ್ಲಿ ಅವರ ಹೆಣ್ಣುಮಕ್ಕಳು ಎದೆಯ ಮೇಲೆ ಬಟ್ಟೆ ಹಾಕಿಕೊಳ್ಳುವ ಹಾಗಿರಲಿಲ್ಲ. ಕ್ರೈಸ್ತರಾದ ಹೆಂಗಸರು ಕುಪ್ಪಸ ತೊಟ್ಟರೆಂದು ಸಂತೆಯಲ್ಲಿ ಹಿಡಿದು ಹರಿದು ಹಾಕಿದ್ದಕ್ಕೆ ದೊಡ್ಡ ಗಲಭೆಗಳಾದವು. ದಶಕಗಳ ಜಗಳದ ನಂತರ 1859ರಲ್ಲಿ ರಾಜ ಮೈ ಮುಚ್ಚಿಕೊಳ್ಳಲು ಅಪ್ಪಣೆ ಕೊಟ್ಟ, ಅದೂ ಮೇಲ್ಜಾತಿಯವರ ಹಾಗೆ ಉಡಬಾರದು ಎಂಬ ಷರತ್ತು ಹಾಕಿ. ಅಜರಯ್ಯ ಹುಟ್ಟುವ ಬರೇ 15 ವರ್ಷ ಮೊದಲಿನ ಮಾತು ಇದು. ಅವರು ಯುವಕರಾಗಿದ್ದಾಗ, 1899ರಲ್ಲಿ, ಶಿವಕಾಶಿಯಲ್ಲಿ ಗುಡಿ ಪ್ರವೇಶದ ಸಲುವಾಗಿ ನಾಡಾರರ ಮನೆಗಳಿಗೆ ಬೆಂಕಿ ಬಿತ್ತು. ಕಮುದಿ ಗುಡಿಯ ಖಟ್ಲೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ 1908ರಲ್ಲಿ ನಾಡಾರರ ವಿರುದ್ಧವೇ ತೀರ್ಪಾಯಿತು. ಅದೇ ನಾಡಾರರು ತಮಗಿಂತ ಕೆಳಗಿನವರೆಂದು ಪಳ್ಳರನ್ನೂ ಪರೆಯರನ್ನೂ ದೂರ ಇಟ್ಟಿದ್ದರು ಎಂಬುದನ್ನೂ ಹೇಳಿಬಿಡಬೇಕು. ಬಾಬಾಸಾಹೇಬರು ಜಾತಿಯನ್ನು ಒಂದರ ಮೇಲೊಂದು ಇಟ್ಟ ಮೆಟ್ಟಿಲಿನ ಅಸಮಾನತೆ ಎಂದು ವಿವರಿಸಿದ್ದು ಇಂಥದ್ದನ್ನೇ.

ಅಜರಯ್ಯನವರ ತಂದೆ ಥಾಮಸ್ ವೇದನಾಯಕಂ ಮಿಶನ್ ಶಾಲೆಯಲ್ಲಿ ಓದುತ್ತಾ ಕ್ರೈಸ್ತರಾದವರು, ಆ ಹಳ್ಳಿಯ ಚರ್ಚಿನ ಪಾದ್ರಿ. ಮಗ ಹದಿಹರೆಯದಲ್ಲಿದ್ದಾಗಲೇ ತೀರಿಕೊಂಡರು. ಬೆಳೆಸಿದ್ದು ತಾಯಿ ಎಲ್ಲೆನ್, ಬಹಳ ಕಟ್ಟುನಿಟ್ಟಿನ ಹೆಂಗಸು. ಹುಡುಗ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಹೋದ. ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದು ಪದವಿ ಕೈತಪ್ಪಿತು. ಮುಂದೆ 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಇದೇ ಪದವಿಯಿಲ್ಲದ ಮನುಷ್ಯನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪರೀಕ್ಷೆಯಲ್ಲಿ ಫೇಲಾದ ನಮ್ಮ ಮಕ್ಕಳನ್ನು ಬೈಯುವಾಗ ಇದು ನೆನಪಿರಲಿ ಎಂದು ಅಕ್ಕೋರಾಗಿ ನಡುವೆ ಒಂದು ಮಾತು.

1895ರಿಂದ ಹತ್ತು ಹದಿನಾಲ್ಕು ವರ್ಷ ಅವರು ವೈಎಂಸಿಎ ಸಂಸ್ಥೆಯ ಕಾರ್ಯದರ್ಶಿಯಾಗಿ ದಕ್ಷಿಣ ಭಾರತ ಸುತ್ತಿದರು. 1898ರಲ್ಲಿ ಅಂಬು ಮರಿಯಮ್ಮಾಳ್ ಅವರನ್ನು ಮದುವೆಯಾದರು. ಆ ಸೀಮೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಮೊದಲ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಅಂಬು ಒಬ್ಬರು. ವರದಕ್ಷಿಣೆ ಇಲ್ಲ, ಒಡವೆ ಇಲ್ಲ, ಆಡಂಬರ ಇಲ್ಲದ ಮದುವೆ. 1902ರಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ ಅಲ್ಲಿಯ ತಮಿಳು ಕ್ರೈಸ್ತರು ತಮ್ಮ ದುಡ್ಡಿನಲ್ಲೇ ಧರ್ಮಪ್ರಚಾರಕರನ್ನು ಕಳಿಸುತ್ತಿದ್ದುದನ್ನು ನೋಡಿದರು. ನಾವೇಕೆ ಬಿಳಿಯರ ದುಡ್ಡಿನ ದಾರಿ ಕಾಯಬೇಕು ಎಂಬ ಪ್ರಶ್ನೆ ಅಲ್ಲಿಂದ ತಲೆಗೆ ಹೊಕ್ಕಿತು. ಮರುವರ್ಷ, 1903ರಲ್ಲಿ, ತಿರುನಲ್ವೇಲಿಯಲ್ಲಿ ಭಾರತೀಯರೇ ನಡೆಸುವ, ಭಾರತೀಯರ ದುಡ್ಡಿನಿಂದಲೇ ನಡೆಯುವ ಮಿಶನರಿ ಸಂಘ ಕಟ್ಟಿದರು. 1905ರ ಡಿಸೆಂಬರ್ 25ರಂದು ಬಂಗಾಳದ ಸೆರಾಂಪುರದಲ್ಲಿ ಇಡೀ ದೇಶಕ್ಕೆ ಅಂಥದೇ ಇನ್ನೊಂದು ಸಂಘ ಹುಟ್ಟಿತು, ಅದರಲ್ಲೂ ಇವರದು ಮುಖ್ಯ ಕೈ. ಬಂಗಾಳದಲ್ಲಿ ಸ್ವದೇಶಿ ಚಳವಳಿ ಎದ್ದ ವರ್ಷವೇ ಅದು. ಬಟ್ಟೆಯಲ್ಲಿ ಸ್ವದೇಶಿ ಬಂದ ಹಾಗೆ ಚರ್ಚಿನಲ್ಲೂ ಬಂತು ಎನ್ನಬಹುದು.

ಆಮೇಲೆ ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸುತ್ತದೆ. ಊರೂರಿಗೆ ಹೋಗಿ ಬೇರೆಯವರಿಗೆ ಹಳ್ಳಿಗೆ ಹೋಗಿರಿ ಎಂದು ಹೇಳುತ್ತಿದ್ದವರು 1909ರಲ್ಲಿ ತಾವೇ ಹೊರಟರು. ಹೋದದ್ದು ನಿಜಾಮರ ರಾಜ್ಯದ ದೋರ್ನಕಲ್‌ಗೆ. ಈಗ ಅದು ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿದೆ, ವಿಜಯವಾಡದ ದಾರಿಯಲ್ಲಿ ರೈಲ್ವೆ ಜಂಕ್ಷನ್. ಆಗ ನಮ್ಮ ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿತ್ತು, ಪಕ್ಕದ ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಕೆಳಗೆ. ಅಂದರೆ ಅವರು ಹೋದ ನೆಲ ನಮ್ಮ ನೆರೆಮನೆಯೇ. ತಮಿಳರಿಗೆ ತೆಲುಗು ಬಾರದು. 35 ವರ್ಷದ ಮನುಷ್ಯ ಸಣ್ಣ ಮಕ್ಕಳ ಹಾಗೆ ಅಕ್ಷರ ತಿದ್ದಿ ತೆಲುಗು ಕಲಿತರು. ಮನೆ ಇಲ್ಲದ ಕಾರಣ ಮೊದಲು ಡೇರೆಯಲ್ಲಿ ಇದ್ದರು. ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ನಡೆದು ಹಳ್ಳಿ ತಿರುಗಿದರು.

ಆ ಹಳ್ಳಿಗಳಲ್ಲಿ ಅವರ ಮಾತು ಕೇಳಲು ಬಂದವರು ಯಾರು? ಮಾಲರು ಮತ್ತು ಮಾದಿಗರು. ಮಾಲ ಎಂದರೆ ನಮ್ಮ ಕಡೆಯ ಹೊಲೆಯ, ಚಲವಾದಿ, ಮಹಾರಾಷ್ಟ್ರದ ಮಹಾರ್. ಊರ ಹೊರಗಿನ ಕೇರಿ, ಬೇರೆ ಬಾವಿ, ಸತ್ತ ದನ ಎಳೆಯುವುದು, ಬಿಟ್ಟಿ ಚಾಕರಿ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಸಾಲ. ಇದನ್ನು ಟಿಕೋಟಾದ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಆ ಕಾಲಕ್ಕೆ ಮದ್ರಾಸಿನ ಬಿಷಪ್ ಆಗಿದ್ದವರು ಹೆನ್ರಿ ವೈಟ್‌ಹೆಡ್ ಎಂಬ ಇಂಗ್ಲಿಷರು, ತತ್ವಶಾಸ್ತ್ರಜ್ಞ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್‌ರ ಅಣ್ಣ. ಬೆಂಗಳೂರು, ಮೈಸೂರು ಕೂಡ ಅವರ ಆಡಳಿತಕ್ಕೆ ಸೇರಿದ್ದವು. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಮೈಸೂರು ಸೀಮೆಯ ಹಳ್ಳಿಯ ಅಮ್ಮಂದಿರ ಸುದ್ದಿಯೂ ಬರುತ್ತದೆ. ಎಂ.ಎ. ಓದುವಾಗ ಜಾನಪದದ ಪಾಠದಲ್ಲಿ ಆ ಪುಸ್ತಕದ ಹೆಸರು ಕೇಳಿದ್ದೆ, ಅದನ್ನು ಬರೆದವರೇ ಅಜರಯ್ಯನವರನ್ನು ಬಿಷಪ್ ಮಾಡಿಸಿದವರು ಎಂದು ಆಗ ಗೊತ್ತಿರಲಿಲ್ಲ. ಕೆಳಗಿನವರು ಗುಂಪಾಗಿ ಚರ್ಚಿಗೆ ಬರುತ್ತಿದ್ದುದನ್ನು ಅನೇಕ ಬಿಳಿಯ ಪಾದ್ರಿಗಳು ಮೂಗು ಮುರಿದು ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದವರು ಬ್ರಾಹ್ಮಣರು. ವೈಟ್‌ಹೆಡ್ ಹಾಗಲ್ಲ. ಚರ್ಚಿನ ಭವಿಷ್ಯ ಇರುವುದು ಕೇರಿಯಲ್ಲಿ ಎಂದು ನಂಬಿದ್ದರು, ಆ ಕೇರಿಯ ಚರ್ಚಿಗೆ ಭಾರತೀಯನೇ ಬಿಷಪ್ ಆಗಬೇಕು ಎಂದು ಹಟ ಹಿಡಿದಿದ್ದರು.

ನಡುವೆ 1910ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಗತ್ತಿನ ಮಿಶನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು, ಅವರಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ಅಲ್ಲಿ ಅಜರಯ್ಯ ಎದ್ದು ನಿಂತು ಆಡಿದ ಮಾತು ಸಭೆಗೆ ಸಿಡಿಲು ಬಡಿದ ಹಾಗಾಯಿತು. ಬಿಳಿಯ ಮಿಶನರಿಗಳ ತ್ಯಾಗವನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಭಾರತೀಯ ಸಹೋದ್ಯೋಗಿ ಮನೆಗೆ ಹೋದರೆ ಅವನಿಗೆ ಕುರ್ಚಿ ಹಾಕುವುದಿಲ್ಲ, ತಮ್ಮ ಮೇಜಿಗೆ ಊಟಕ್ಕೆ ಕರೆಯುವುದಿಲ್ಲ, ಸಂಬಳ ಕೊಡುವ ಧಣಿಯ ಹಾಗೆ ನಡೆದುಕೊಳ್ಳುತ್ತಾರೆ, ಇದನ್ನು ಬಿಟ್ಟು ಸ್ನೇಹ ಕೊಡಿ ಎಂದು ಕೇಳಿದರು. ಕೆಲವು ಮಿಶನರಿಗಳಿಗೆ ಸಿಟ್ಟು ಬಂತು. ನಮಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ನಾನು ಮೊದಲು ನೌಕರಿಗೆ ಸೇರಿದ ಊರಿನಲ್ಲಿ ನನ್ನ ಪಾಠ ಮೆಚ್ಚಿ ಹೊಗಳಿದ ಮನೆಯವರೇ ಬಾಡಿಗೆಗೆ ಖೋಲಿ ಕೇಳಿದಾಗ ಮನೆತನ ಯಾವುದು ಎಂದು ವಿಚಾರಿಸಿ ಸುಮ್ಮನಾದರು. ಹೊಗಳಿಕೆ ಬೇರೆ, ಹೊಸ್ತಿಲೊಳಗೆ ಕರೆಯುವುದು ಬೇರೆ.

1912ರ ಡಿಸೆಂಬರ್ 29ರಂದು ಕಲ್ಕತ್ತದ ಸಂತ ಪೌಲರ ಕೆಥೆಡ್ರಲ್‌ನಲ್ಲಿ ಅಜರಯ್ಯ ಬಿಷಪ್ ಆದರು. ವಯಸ್ಸು 38. ಅದಕ್ಕೆ ಮೊದಲು ಪತ್ರಗಳು, ಅರ್ಜಿಗಳು, ಚಾಡಿಗಳು ನಡೆದವು. ಕಪ್ಪು ಬಿಷಪ್ಪನ ಕೈಕೆಳಗೆ ಇಂಗ್ಲಿಷ್ ಪಾದ್ರಿ ಕೆಲಸ ಮಾಡುವುದೇ ಎಂದು ಬಿಳಿಯರು ಹೌಹಾರಿದರು. ಇವರ ಜಾತಿಯನ್ನು ನೆನೆದು ವಿರೋಧಿಸಿದ ಭಾರತೀಯ ಕ್ರೈಸ್ತರೂ ಇದ್ದರು. ಮೊದಲು ಕೊಟ್ಟಿದ್ದು ಒಂದು ಸಣ್ಣ ಸೀಮೆ ಮಾತ್ರ. 1920ರ ದಶಕದ ಆರಂಭದಲ್ಲಿ ಕೃಷ್ಣಾ ನದಿಯ ಕಡೆಯ ದೊಡ್ಡ ಭಾಗಗಳೂ ಸೇರಿ ಬಿಳಿಯ ಪಾದ್ರಿಗಳು ನಿಜಕ್ಕೂ ಅವರ ಕೆಳಗೆ ಬಂದರು. ಬಾಬಾಸಾಹೇಬರು ಬರೋಡಾದಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಗ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದುದು ನಮಗೆಲ್ಲ ಗೊತ್ತು. ಹುದ್ದೆ ಸಿಕ್ಕ ಕೂಡಲೇ ಎಲ್ಲ ಮುಗಿಯುವುದಿಲ್ಲ.

ಇನ್ನು ಅವರ ಕೆಲಸದ ರೀತಿ. ಇದರಿಂದ ನಮ್ಮ ವಿಹಾರದವರು ಕಲಿಯುವುದು ಬಹಳ ಇದೆ ಎಂದು ನನ್ನ ಅಭಿಪ್ರಾಯ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಹಿಡಿ ಅಕ್ಕಿ. ದೋರ್ನಕಲ್ ಸೀಮೆಯ ಬಡ ಹೆಂಗಸರು ಒಲೆಯ ಮೇಲೆ ಎಸರಿಟ್ಟು ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಯಲ್ಲಿ ಇಡುತ್ತಿದ್ದರು. ವಾರಕ್ಕೊಮ್ಮೆ ಅದು ಚರ್ಚಿಗೆ ಹೋಗುತ್ತಿತ್ತು. ಹಳ್ಳಿಯ ಮಾಸ್ತರರ ಖರ್ಚಿಗೆ ಅದರಿಂದ ನೆರವಾಗುತ್ತಿತ್ತು. ಬಡವನಿಂದ ತೆಗೆದುಕೊಳ್ಳಬಾರದು ಎಂಬ ಕನಿಕರದ ಮಾತನ್ನು ಅಜರಯ್ಯ ಒಪ್ಪಲಿಲ್ಲ. ಕೊಡುವ ಕೈ ಇದ್ದವನೇ ಮರ್ಯಾದೆಯ ಮನುಷ್ಯ, ಬರೇ ತೆಗೆದುಕೊಳ್ಳುವವನನ್ನು ಎಂದಿಗೂ ಭಿಕ್ಷುಕನನ್ನಾಗಿಯೇ ಇಡುತ್ತಾರೆ ಎಂಬುದು ಅವರ ತಿಳುವಳಿಕೆ. ದಾನದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು, ಅದು ಮುಂದೆ ಹಲವು ಭಾಷೆಗೆ ಹೋಯಿತು. ನಮ್ಮಲ್ಲಿ ದಾನ ಪಾರಮಿತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ, ವಿಹಾರದ ಕರೆಂಟ್ ಬಿಲ್ ಮಾತ್ರ ಇಬ್ಬರೇ ನೌಕರದಾರರು ತುಂಬುತ್ತಾರೆ. ಮನೆಗೆ ಒಂದು ಹಿಡಿ ಜೋಳ ಎಂದರೂ ನಮ್ಮ ಓಣಿಯಲ್ಲಿ ತಿಂಗಳಿಗೆ ಎಷ್ಟು ಸೇರಾದೀತು, ಲೆಕ್ಕ ಹಾಕಿರಿ.

ಎರಡನೆಯದು, ಪ್ರತಿಜ್ಞೆ. ದೀಕ್ಷಾಸ್ನಾನ ಪಡೆದವರು ತಮ್ಮ ಕೈಯನ್ನು ತಮ್ಮ ತಲೆಯ ಮೇಲೆಯೇ ಇಟ್ಟುಕೊಂಡು, ತಾನು ಈಗ ಕ್ರೈಸ್ತ, ಈ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸದಿದ್ದರೆ ತನಗೆ ಕೇಡು ಎಂಬರ್ಥದ ಮಾತನ್ನು ಗಟ್ಟಿಯಾಗಿ ಹೇಳಬೇಕಿತ್ತು. ಓದು ಬಾರದ ಕೂಲಿಯವನೂ ಹೇಳಬೇಕಿತ್ತು. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನ ನಿಂತು 22 ಪ್ರತಿಜ್ಞೆ ಮಾಡಿದ್ದನ್ನು ನೆನೆದುಕೊಳ್ಳಿ. ದೇವರು ಬೇರೆ, ದಾರಿ ಬೇರೆ. ಆದರೂ ಬಾಯಿ ಬಿಟ್ಟು ಹೇಳಿದ ಮಾತು ಮನುಷ್ಯನ ಬೆನ್ನು ನೆಟ್ಟಗೆ ಮಾಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೊಳೆ, ರೋಗ, ಸಾಲ, ಕುಡಿತ ಇವು ನಾಲ್ಕು ದೆವ್ವಗಳು ಎಂದು ಅಜರಯ್ಯ ಹಳ್ಳಿಹಳ್ಳಿಯಲ್ಲಿ ಹೇಳುತ್ತಿದ್ದರು. ಊರ ದೆವ್ವ ಬಿಡಿಸಲು ಕೋಳಿ ಕೊಯ್ಯುತ್ತಿದ್ದ ಜನಕ್ಕೆ ನಿಜವಾದ ದೆವ್ವ ಯಾವುದು ಎಂದು ತೋರಿಸುವ ದಾರಿ ಅದು. ಇದರ ಜೊತೆಗೆ ಅಂಬು ಅವರ ಕೆಲಸ ಮರೆಯಬಾರದು. ಪಾದ್ರಿಯಾಗಲು ಬಂದ ಗಂಡಸರ ಹೆಂಡಂದಿರಿಗೂ ಓದು ಕಲಿಸಲಾಗುತ್ತಿತ್ತು, ಅದರ ಹಿಂದೆ ಆಕೆ ಇದ್ದರು. ಗಂಡ ಒಬ್ಬನೇ ಕಲಿತರೆ ಮನೆ ಅರ್ಧ ಕತ್ತಲೆಯಲ್ಲೇ ಉಳಿಯುತ್ತದೆ. ನಮ್ಮ ಓದಿನ ಕೂಟಕ್ಕೆ ಈಗಲೂ ಗಂಡಸರೇ ಹೆಚ್ಚು ಬರುತ್ತಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಎಲ್ಲಕ್ಕಿಂತ ಬಿಕ್ಕಟ್ಟಿನದು ಒಳಜಾತಿಯ ವಿಷಯ. ಮಾಲರು ಮೊದಲು ಬಂದ ಚರ್ಚಿಗೆ ಮಾದಿಗರು ಬಂದರೆ ಮಾಲರು ಎದ್ದು ಹೋಗುತ್ತಿದ್ದ ಊರುಗಳಿದ್ದವು. ಮಾದಿಗರು ಮೊದಲು ಬಂದಲ್ಲಿ ಮಾಲರು ಬರಲು ಒಲ್ಲೆ ಎನ್ನುತ್ತಿದ್ದರು. ಆಂಗ್ಲಿಕನ್ ಚರ್ಚಿನಲ್ಲಿ ಪ್ರಭುಭೋಜನಕ್ಕೆ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕು. ಆ ಬಟ್ಟಲೇ ಜಾತಿಯ ಪರೀಕ್ಷೆಯಾಯಿತು. ಅಜರಯ್ಯ ಈ ವಿಷಯದಲ್ಲಿ ಸಡಿಲ ಬಿಡಲಿಲ್ಲ. ಒಂದೇ ಬಟ್ಟಲು, ಒಂದೇ ಹಾಸ್ಟೆಲ್, ಒಂದೇ ಪಂಕ್ತಿ. 1927ರಲ್ಲಿ ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದಾಗ ತಕರಾರು ಮೇಲಿನವರದು. ದೋರ್ನಕಲ್ಲಿನ ಬಟ್ಟಲಿನ ತಕರಾರು ನಮ್ಮನಮ್ಮಲ್ಲಿನದು. ಯಾವುದು ಕಷ್ಟ ಎಂದರೆ ನಾನು ಎರಡನೆಯದು ಎನ್ನುತ್ತೇನೆ.

1935ರ ಹೊತ್ತಿಗೆ ಅವರ ಕೆಳಗೆ ಸುಮಾರು 250 ಭಾರತೀಯ ಪಾದ್ರಿಗಳು, 2,000ಕ್ಕೂ ಹೆಚ್ಚು ಹಳ್ಳಿ ಶಿಕ್ಷಕರು ಮತ್ತು ಕಾರ್ಯಕರ್ತರು ಇದ್ದರು. ಅವರಲ್ಲಿ ಬಹಳ ಮಂದಿ ಅದೇ ಕೇರಿಗಳ ಮಕ್ಕಳು. ಅಪ್ಪ ಸತ್ತ ಎಮ್ಮೆ ಎಳೆದವನು, ಮಗ ಕಪ್ಪು ಹಲಗೆಯ ಮುಂದೆ ನಿಂತವನು. ಶಿಕ್ಷಕಿಯಾಗಿ ಈ ಸಂಖ್ಯೆಯ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೇರಿಯ ಈ ಬದಲಾವಣೆ ನೋಡಿ 1930ರ ದಶಕದಲ್ಲಿ ಕೆಲವು ಕಡೆ ಮೇಲಿನ ಒಕ್ಕಲು ಜಾತಿಯವರೂ ಚರ್ಚಿನ ಕಡೆ ತಿರುಗಿದರು.

ದೋರ್ನಕಲ್ಲಿನಲ್ಲಿ ಅವರು ಕಟ್ಟಿಸಿದ ಕೆಥೆಡ್ರಲ್ ಬಗ್ಗೆ ವಿಜಯಪುರದವರಿಗೆ ಹೇಳಲೇಬೇಕು. ಕಟ್ಟಿ ಮುಗಿಸಲು ಸುಮಾರು 25 ವರ್ಷ ಹಿಡಿದು 1939ರ ಜನವರಿ 6ರಂದು ಅದು ಪ್ರತಿಷ್ಠೆಯಾಯಿತು. ಇಂಗ್ಲೆಂಡಿನ ಚೂಪು ಗೋಪುರ ಅಲ್ಲಿಲ್ಲ. ಗುಡಿಯ ಕಂಬ, ಮಸೀದಿಯ ಗುಮ್ಮಟ ಮತ್ತು ಮಿನಾರು, ಕಲ್ಲಿನಲ್ಲಿ ಕೆತ್ತಿದ ಕಮಲ. ನಮ್ಮ ಇಬ್ರಾಹಿಂ ರೋಜಾದ ಮಿನಾರುಗಳ ನೆರಳಿನಲ್ಲಿ ಆಡಿ ಬೆಳೆದವರಿಗೆ ಇಂಥ ಕಟ್ಟಡ ಪರಕೀಯ ಅನ್ನಿಸಲಾರದು.

ಈಗ ಆ ಪ್ರಶ್ನೆಗಳಿಗೆ ಬರುತ್ತೇನೆ.

1932ರಲ್ಲಿ ಬ್ರಿಟಿಷರು ಕೋಮುವಾರು ತೀರ್ಪು ಕೊಟ್ಟಾಗ ಬಾಬಾಸಾಹೇಬರು ನಮಗೆ ಪ್ರತ್ಯೇಕ ಮತಕ್ಷೇತ್ರ ಗಳಿಸಿದ್ದರು, ಗಾಂಧೀಜಿಯ ಉಪವಾಸದಿಂದ ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಅದನ್ನು ಬಿಡಬೇಕಾಯಿತು. ಅದೇ ತೀರ್ಪಿನಲ್ಲಿ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ಇತ್ತು. ಅಜರಯ್ಯ ತಮ್ಮವರಿಗೆ ಅದು ಬೇಡ ಎಂದರು. ಕ್ರೈಸ್ತರು ಮತ ಎಣಿಸುವ ಒಂದು ಕೋಮು ಆಗಿಬಿಟ್ಟರೆ ಧರ್ಮ ಉಳಿಯುವುದಿಲ್ಲ ಎಂಬುದು ಅವರ ವಾದ. ಇಲ್ಲಿ ನನಗೆ ಅವರ ಜೊತೆ ಒಪ್ಪಿಗೆ ಇಲ್ಲ. ಕಾಲೇಜು ಕಲಿತ, ಜಗತ್ತು ಸುತ್ತಿದ ಬಿಷಪ್ಪನಿಗೆ ರಾಜಕೀಯ ಅಧಿಕಾರ ಬೇಡ ಎನ್ನುವುದು ಸುಲಭ. ಅವರ ಹಿಂಬಾಲಕರಲ್ಲಿ ಬಹುಪಾಲು ಭೂಮಿ ಇಲ್ಲದ ಮಾಲ, ಮಾದಿಗರು. ಅವರಿಗೆ ಶಾಸನಸಭೆಯಲ್ಲಿ ಒಂದು ಬಾಯಿ ಬೇಕಿತ್ತು. ಅಧಿಕಾರವೇ ಎಲ್ಲ ಬಾಗಿಲಿನ ಕೀಲಿ ಎಂದು ಬಾಬಾಸಾಹೇಬರು ಸುಮ್ಮನೆ ಹೇಳಲಿಲ್ಲ.

ಗಾಂಧೀಜಿಗೂ ಅಜರಯ್ಯನವರಿಗೂ ಹೊಂದಲಿಲ್ಲ. ಅಸ್ಪೃಶ್ಯರು ತಿಳಿದು ಧರ್ಮ ಬದಲಿಸುವುದಿಲ್ಲ, ಆಸೆಗೆ ಬದಲಿಸುತ್ತಾರೆ ಎಂಬ ಧಾಟಿಯಲ್ಲಿ ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಕೇರಿಯ ಮನುಷ್ಯನಿಗೂ ತನ್ನ ಆತ್ಮದ ವಿಷಯ ತಾನೇ ನಿರ್ಧರಿಸುವ ಬುದ್ಧಿ ಇದೆ ಎಂದು ಅಜರಯ್ಯ ನಿಂತರು. ಇಲ್ಲಿ ಮಾತ್ರ ನಾನು ಪೂರ್ತಿ ಅವರ ಕಡೆ.

1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾಸಾಹೇಬರ ಘೋಷಣೆ ಆಯಿತು. ಎಲ್ಲ ಧರ್ಮದ ಮುಖಂಡರೂ ಮುಂಬಯಿಯ ದಾರಿ ಹಿಡಿದರು. ಆ ಕಾಲದಲ್ಲಿ ಅಜರಯ್ಯನವರೂ ಬಾಬಾಸಾಹೇಬರನ್ನು ಕಂಡರು. ಅವರ ಜೀವನ ಚರಿತ್ರೆ ಬರೆದವರು ದಾಖಲಿಸಿದ ಪ್ರಕಾರ ಬಾಬಾಸಾಹೇಬರು ಎರಡು ಪ್ರಶ್ನೆ ಇಟ್ಟರು. ನಾವು ದೇಶದ ತುಂಬ ಒಂದೇ ನೋವಿನಿಂದ ಕೂಡಿದ ಜನ. ಕ್ರೈಸ್ತರಾದರೆ ಎಲ್ಲೇ ಇದ್ದರೂ ಒಂದೇ ಚರ್ಚಿನಲ್ಲಿ ಒಂದಾಗಿ ಇರುತ್ತೇವೆಯೇ, ಇದು ಮೊದಲನೆಯದು. ಚರ್ಚಿನೊಳಗೆ ನಮಗೆ ಜಾತಿಯ ಕಾಟ ಇರುವುದಿಲ್ಲವೇ, ಇದು ಎರಡನೆಯದು.

ಮೊದಲ ಪ್ರಶ್ನೆಯ ಬಿಸಿ ನಮ್ಮ ಸೀಮೆಯನ್ನೇ ನೋಡಿದರೆ ತಿಳಿಯುತ್ತದೆ. ಗುಳೇದಗುಡ್ಡದಲ್ಲಿ, ಹುಬ್ಬಳ್ಳಿಯಲ್ಲಿ ಇದ್ದವರು ಜರ್ಮನ್ ಸ್ವಿಸ್ ಮೂಲದ ಬಾಸೆಲ್ ಮಿಶನ್ನಿನವರು. ಬಳ್ಳಾರಿಯಲ್ಲಿ ಲಂಡನ್ ಮಿಶನ್. ಬೀದರಿನಲ್ಲಿ ಅಮೆರಿಕದ ಮೆಥಡಿಸ್ಟರು. ದೋರ್ನಕಲ್ಲಿನಲ್ಲಿ ಆಂಗ್ಲಿಕನ್, ಮೇದಕ್‌ನಲ್ಲಿ ವೆಸ್ಲಿಯನ್, ಗುಂಟೂರಿನಲ್ಲಿ ಲುಥೆರನ್. ಯುರೋಪಿನಲ್ಲಿ ನೂರಾರು ವರ್ಷ ಹಿಂದೆ ಆದ ಜಗಳದ ಹಂಚಿಕೆಯಲ್ಲಿ ಇಲ್ಲಿಯ ಹೊಲೆಯನೊಬ್ಬ ತನಗೇ ಗೊತ್ತಿಲ್ಲದೆ ಒಂದು ಪಾಲಿಗೆ ಸೇರುತ್ತಿದ್ದ. ಬೇರೆ ಬೇರೆ ಚರ್ಚಿನವರು ಒಂದೇ ಬಟ್ಟಲಿನಿಂದ ಕುಡಿಯುವ ಹಾಗೂ ಇರಲಿಲ್ಲ. ಇದ್ದ ಒಗ್ಗಟ್ಟನ್ನೂ ಕಳೆದುಕೊಂಡು ಅಲ್ಲಿಗೆ ಯಾಕೆ ಹೋಗಬೇಕು?

ಎರಡಕ್ಕೂ ಹೌದು ಎಂದು ಹೇಳಲು ಅಜರಯ್ಯನವರಿಂದ ಆಗಲಿಲ್ಲ. ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಪಟ್ಟಿರಲಿಲ್ಲ ಎಂದು ಅವರೇ ಆಮೇಲೆ ತಮ್ಮವರ ಮುಂದೆ ಹೇಳಿಕೊಂಡರು. ಇದಕ್ಕೇ ನನಗೆ ಆ ಮನುಷ್ಯನ ಮೇಲೆ ಗೌರವ. ಎದುರಿಗೆ ಇರುವುದು ಲಕ್ಷಾಂತರ ಜನರ ನಾಯಕ. ಒಂದು ಸುಳ್ಳು ಹೌದು ಹೇಳಿದ್ದರೆ ಏನಾಗುತ್ತಿತ್ತೋ. ಅವರು ಹೇಳಲಿಲ್ಲ. ನಮ್ಮ ಪಂಚಶೀಲದ ನಾಲ್ಕನೆಯ ಶೀಲವನ್ನು ಅವರು ಬಲ್ಲರೋ ಇಲ್ಲವೋ, ಆ ದಿನ ಪಾಲಿಸಿದರು.

1938ರ ಜನವರಿಯಲ್ಲಿ ಬಾಬಾಸಾಹೇಬರು ಇಲ್ಲೇ ನಮ್ಮ ಮಗ್ಗುಲಿನ ಸೋಲಾಪುರದಲ್ಲಿ ಕ್ರೈಸ್ತರ ಸಭೆಯಲ್ಲಿ ಮಾತಾಡಿದರು. ತಮ್ಮ ಮನಸ್ಸನ್ನು ಸೆಳೆದ ವ್ಯಕ್ತಿಗಳು ಇಬ್ಬರೇ, ಬುದ್ಧ ಮತ್ತು ಕ್ರಿಸ್ತ ಎಂದರು. ದಕ್ಷಿಣದ ಚರ್ಚುಗಳಲ್ಲಿ ಜಾತಿ ಉಳಿದದ್ದನ್ನೂ, ಕ್ರೈಸ್ತರು ರಾಜಕೀಯದಲ್ಲಿ ಹಿಂದೆ ಬಿದ್ದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಅವರು ದೀರ್ಘವಾಗಿ ಬರೆದಿಟ್ಟದ್ದು ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅಚ್ಚಾಯಿತು. ಪರದೇಶದ ಧರ್ಮ ಎಂದು ಒಂದೇ ಮಾತಿನಲ್ಲಿ ತಳ್ಳಿದವರಲ್ಲ ಅವರು. ನಮ್ಮ ಹುಡುಗರು ಇದನ್ನು ತಿಳಿದುಕೊಳ್ಳಬೇಕು.

ಸರಕಾರವೂ ಈ ಮಧ್ಯೆ ತನ್ನ ಗೆರೆ ಎಳೆಯಿತು. 1936ರಲ್ಲಿ ಪರಿಶಿಷ್ಟ ಜಾತಿಗಳ ಪಟ್ಟಿ ಬಂದಾಗ ಕ್ರೈಸ್ತರನ್ನು ಹೊರಗಿಟ್ಟರು. 1950ರ ರಾಷ್ಟ್ರಪತಿ ಆಜ್ಞೆ ಹಿಂದೂಗಳಿಗಷ್ಟೇ ಎಂದಿತು. 1956ರಲ್ಲಿ ಸಿಖ್ಖರು ಸೇರಿದರು. ಬೌದ್ಧರಾದ ನಾವು ಸೇರಿದ್ದು 1990ರಲ್ಲಿ. 1956ರಲ್ಲಿ ದೀಕ್ಷೆ ತೆಗೆದುಕೊಂಡವರು 34 ವರ್ಷ ಕೇಂದ್ರದ ಮೀಸಲಾತಿ ಇಲ್ಲದೆ ಧಮ್ಮ ಕಾಪಾಡಿದರು. ಅಜರಯ್ಯನವರ ಮಾಲ, ಮಾದಿಗ ಕ್ರೈಸ್ತರ ಮೊಮ್ಮಕ್ಕಳು ಇನ್ನೂ ಹೊರಗೇ ಇದ್ದಾರೆ.

ಆ ಎರಡು ಪ್ರಶ್ನೆಗಳನ್ನು ನಾನು ಕಾಗದದ ಮೇಲೆ ಬರೆದು, ಚರ್ಚು ಇದ್ದಲ್ಲಿ ವಿಹಾರ ಎಂದು ತಿದ್ದಿ ಓದಿ ನೋಡಿದೆ. ನಮ್ಮ ನಗರದಲ್ಲಿ, ಟಿಕೋಟಾದಲ್ಲಿ, ಬಬಲೇಶ್ವರದಲ್ಲಿ ಬುದ್ಧ ಪೂರ್ಣಿಮೆಗೆ ಯಾರು ಬರುತ್ತಾರೆ? ಬಹುತೇಕ ಒಂದೇ ಕೇರಿಯವರು. ಪಕ್ಕದ ಮಾದಿಗರ ಓಣಿಯಿಂದ ಎಷ್ಟು ಮನೆ? ವಂದನೆ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಹುಗ್ಗಿ ಉಣ್ಣುತ್ತೇವೆ, ನಿಜ. ಮಗಳ ಮದುವೆ ಮಾತು ಬಂದಾಗ ಬಯೋಡಾಟಾದಲ್ಲಿ ಬೌದ್ಧ ಎಂದು ಬರೆದು ಕೆಳಗೆ ಒಳಪಂಗಡ ಎಂದು ಇನ್ನೊಂದು ಸಾಲು ಯಾಕೆ ಬರೆಯುತ್ತೇವೆ? ನನ್ನ ಸಂಬಂಧಿಕರಲ್ಲೇ ಹೋದ ವರ್ಷ ಹೀಗೆ ಒಂದು ಸಂಬಂಧ ಮುರಿಯಿತು, ಹುಡುಗ ಹುಡುಗಿ ಇಬ್ಬರೂ ದೀಕ್ಷೆ ಆದವರೇ. ಈ ವಾರದ ಓದಿನಲ್ಲಿ ಇದನ್ನೇ ಚರ್ಚೆಗೆ ಇಡೋಣ ಎಂದಿದ್ದೇನೆ. ಸಿಟ್ಟು ಬಂದವರು ಗ್ರೂಪಿನಲ್ಲಿ ಬರೆಯಬೇಡಿ, ವಿಹಾರಕ್ಕೆ ಬಂದು ಹೇಳಿರಿ.

ಬಾಬಾಸಾಹೇಬರ ಮಾತು ಅಜರಯ್ಯನವರನ್ನು ಸುಮ್ಮನೆ ಕೂಡಲು ಬಿಡಲಿಲ್ಲ. ಚರ್ಚುಗಳನ್ನು ಕೂಡಿಸುವ ಕೆಲಸಕ್ಕೆ 1919ರಲ್ಲಿ ತರಂಗಂಬಾಡಿಯ ಸಭೆಯಲ್ಲಿ ಮುಂದಾದವರೇ ಅವರು. ವಯಸ್ಸಾದಂತೆ ಅದೇ ಅವರ ಮುಖ್ಯ ಕೆಲಸವಾಯಿತು. ಚರ್ಚು ಒಡೆದಿರುವುದು ಪಶ್ಚಿಮದವರಿಗೆ ಬೌದ್ಧಿಕ ಕಷ್ಟ ಇರಬಹುದು, ಇಲ್ಲಿ ಅದು ಬಡವರ ದಾರಿಗೆ ಅಡ್ಡ ಬಿದ್ದ ಬಂಡೆ ಎಂಬ ಅರ್ಥದಲ್ಲಿ ಸಭೆ ಸಭೆಗಳಲ್ಲಿ ವಾದಿಸಿದರು. ಇಂಗ್ಲೆಂಡಿನ ದೊಡ್ಡವರು ಬಿಷಪ್ಪರ ಅಧಿಕಾರ, ದೀಕ್ಷೆಯ ಕ್ರಮ ಎಂದು ವರ್ಷಗಟ್ಟಲೆ ತಕರಾರು ಎಳೆಯುತ್ತ ಹೋದರು. 70 ದಾಟಿದ ಮೇಲೂ ಅಜರಯ್ಯ ಹಳ್ಳಿ ತಿರುಗುವುದನ್ನು ಬಿಡಲಿಲ್ಲ. ಕೆಲವೇ ದಿನದ ಜ್ವರದಲ್ಲಿ 1945ರ ಜನವರಿ 1ರಂದು ದೋರ್ನಕಲ್ಲಿನಲ್ಲಿ ತೀರಿಕೊಂಡರು. ಅವರ ಸೀಮೆಯಲ್ಲಿ ಆಗ 2 ಲಕ್ಷಕ್ಕೂ ಹೆಚ್ಚು ಕ್ರೈಸ್ತರಿದ್ದರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಕೆಲವು ಚರ್ಚುಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿಎಸ್‌ಐ ಎಂದು ಬೋರ್ಡಿನ ಮೇಲೆ ಓದುವುದು, ಹುಟ್ಟಿತು. ಬಾಬಾಸಾಹೇಬರ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಉತ್ತರ ಕೊಡಬೇಕಾದವರು ಮಣ್ಣಾಗಿ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು. ಕೇಳಿದವರು ದೆಹಲಿಯಲ್ಲಿದ್ದರು, ಸಂವಿಧಾನದ ಕರಡು ಸಮಿತಿಗೆ ಅವರ ಹೆಸರು ಬಂದು ಆಗ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಜೈಭೀಮ್.